ಉದ್ಘಾಟನೆಯ ರೋಗಿ

ಸುಳ್ಳು ಹೇಳುವಾಗ ತನ್ನ ಕಿವಿ ಕೆಂಪಾಗುತ್ತದಲ್ಲ, ಅದು ಕ್ಯಾಮೆರಾಕ್ಕೆ ಕಂಡರೇನು ಗತಿ ಎಂಬುದೇ ಮಿರ್ನಾಳ ಚಿಂತೆಯಾಗಿತ್ತು. ಮಧ್ಯ ಅಮೆರಿಕದ ಆ ಪುಟ್ಟ ದೇಶದಲ್ಲಿ ಅಂದು ಕೊರೊನಾ ಆಸ್ಪತ್ರೆಯೊಂದರ ಉದ್ಘಾಟನೆ. ನಿಜವಾದ ರೋಗಿಗಳು ಬಾಯಿಬಿಟ್ಟಾರೆಂದು, ಗಟ್ಟಿಮುಟ್ಟಾಗಿದ್ದ ಇವಳನ್ನು ಮಲಗಿಸಿ ಮೂಗಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿದ್ದರು. ಅದರ ಕೊಳವೆ ಗೋಡೆಯೊಳಗೆ ಹೋಗಿತ್ತು. ಗೋಡೆಯ ಹಿಂದೆ ಇರಬೇಕಾದ ಆಕ್ಸಿಜನ್ ಘಟಕದ ದುಡ್ಡನ್ನು ಮೇಲಿನವರು ನುಂಗಿಹಾಕಿದ್ದರು.

“ಚೆನ್ನಾಗಿ ಉಸಿರಾಡ್ತಿದೀನಿ ಅಂದ್ಬಿಡು, ಸಾಕು. ಸಂಜೆಯೊಳಗೆ ನಿನ್ನ ತಮ್ಮ ಲಾಕಪ್ಪಿಂದ ಹೊರಗಿರ್ತಾನೆ,” ಅಂದ ಅಧಿಕಾರಿ.

ಕರ್ಫ್ಯೂ ಹೊತ್ತಿನಲ್ಲಿ ಔಷಧಿ ತರಲು ಹೋದ ತಮ್ಮ ವಿಲ್ಮರ್‌ನನ್ನು ಪೊಲೀಸರು ಎಳೆದೊಯ್ದು, ಕೇಸೂ ಹಾಕದೆ ಕೂಡಿಹಾಕಿದ್ದರು. ಅಲ್ಲಿ ಜ್ವರ ಹತ್ತಿ ಅವನು ಏದುಸಿರು ಬಿಡುತ್ತಿದ್ದ.

“ಖಂಡಿತ ಬಿಡ್ತೀರಾ ಸಾರ್?”

“ಮಂತ್ರಿಗಳೇ ಹೇಳಿದಾರಮ್ಮ. ಮೊದಲು ಆ ಮುಖ ಸ್ವಲ್ಪ ಬಾಡಿಸ್ಕೋ, ಮದುವೆಗೆ ಬಂದವಳ ಹಾಗಿದೀಯ.”

ಮಂತ್ರಿ ಬಂದ. ಟೀವಿಯವರು ನೇರಪ್ರಸಾರ ಶುರು ಮಾಡಿದರು.

“ಹೇಗಿದೀಯಮ್ಮ?”

“ಚೆನ್ನಾಗಿ ಉಸಿರಾಡ್ತಿದೀನಿ ಸಾರ್.”

ಮಂತ್ರಿ ಕ್ಯಾಮೆರಾದತ್ತ ತಿರುಗಿದ. “ನಮಗೆ ಕರುಣೆ ಇಲ್ಲ ಅನ್ನೋರು ನೋಡ್ಲಿ. ಈ ಹುಡುಗಿಯ ತಮ್ಮನನ್ನ ಬಿಡುಗಡೆ ಮಾಡಿದೀವಿ. ಅವನಿಗೂ ಉಸಿರಾಟದ ತೊಂದರೆ. ಅಕ್ಕನ ಪಕ್ಕದ ಹಾಸಿಗೆಯನ್ನೇ ಕೊಟ್ಟಿದೀವಿ.”

ಬಾಗಿಲಲ್ಲಿ ಸ್ಟ್ರೆಚರ್ ಬಂತು. ವಿಲ್ಮರ್‌ನ ತುಟಿ ನೀಲಿಗಟ್ಟಿತ್ತು. ಲಾಕಪ್ಪಿನವರು ಹಾಕಿ ಕಳಿಸಿದ್ದ ಸಣ್ಣ ಸಿಲಿಂಡರಿನ ಮಾಸ್ಕನ್ನು ನರ್ಸ್ ಬಿಚ್ಚಿ, ಪಕ್ಕದ ಹಾಸಿಗೆಯ ಗೋಡೆಗೆ ಜೋಡಿಸಿದ್ದ ಮಾಸ್ಕನ್ನು ಕೈಗೆತ್ತಿಕೊಂಡಳು.

ಮಿರ್ನಾ ತನ್ನ ಮಾಸ್ಕ್ ಕಿತ್ತು, ಕ್ಯಾಮೆರಾದ ಮುಂದೆಯೇ ಎದ್ದು ಕೂತಳು.

“ಇದರಲ್ಲಿ ಗಾಳಿ ಬರ್ತಿಲ್ಲ.”