ಮರುದಿನವೇ ಕೆಲಸಕ್ಕಿಳಿದ ಅನುದಾನ

ಬಾಗಿಲಲ್ಲಿ ನಿಂತಿದ್ದ ಹೆಂಗಸು ಪೊಲೀಸ್ ಅಲ್ಲ ಎಂದು ಅನಂತಕೃಷ್ಣರಿಗೆ ಖಾತ್ರಿಯಾದದ್ದು, ಸರ್ಕಾರದ ಹಣ ಬಂದಿದೆ ಎಂದು ಅವಳು ಹೇಳಿದಾಗ.

"ಗ್ಯಾಂಗ್ ಕೇಸುಗಳ ಸಾಕ್ಷಿಗಳನ್ನು ಕಾಯಲು ಹೊಸ ತಂಡ ನಮ್ಮದು. ಗುರುವಾರ ಅನುದಾನ ಮಂಜೂರಾಯಿತು, ನಿನ್ನೆಯಿಂದ ಕೆಲಸ," ಎಂದು ಸ್ವೀಡಿಷ್‌ನಲ್ಲಿ ಹೇಳಿ ಗುರುತಿನ ಚೀಟಿ ತೋರಿಸಿದಳು. ಹೆಸರು ಯಿಲ್ವಾ. ಮಾಮೂಲಿ ಬಟ್ಟೆ, ಜೊತೆಗೆ ಯಾರೂ ಇಲ್ಲ.

ಗುರುವಾರ ಮಂಜೂರು, ಶುಕ್ರವಾರ ಕೆಲಸ. ತುಮಕೂರಿನ ಕಚೇರಿಗಳ ಬೆಂಚು ಸವೆಸಿ ಬಂದವರ ಮುಂದೆ ಹೇಳುವ ಮಾತೇ ಇದು? ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಸ್ವೀಡನ್ನಿನ ಮೋಲ್ನ್‌ಡಾಲ್ ಊರಿನ ಔಷಧ ಲ್ಯಾಬಿನಲ್ಲಿ ಇಪ್ಪತ್ತು ವರ್ಷ ದುಡಿದರೂ ಆ ಅನುಮಾನ ಅವರನ್ನು ಬಿಟ್ಟಿರಲಿಲ್ಲ. ಅದೂ ಅಲ್ಲದೆ, ಹಣವಿಲ್ಲ, ರಕ್ಷಣೆ ಕೊಡಲು ಶರತ್ಕಾಲವಾದೀತು ಎಂದು ಠಾಣೆಯವರು ಸೋಮವಾರವಷ್ಟೇ ಕೈಚೆಲ್ಲಿದ್ದರು.

ಎದುರು ಕಟ್ಟಡದ ಮೆಟ್ಟಿಲಲ್ಲಿ ಡ್ರಗ್ಸ್ ಗ್ಯಾಂಗಿನವನೊಬ್ಬ ಗುಂಡು ಹಾರಿಸಿ ಒಬ್ಬನನ್ನು ಕೊಂದಾಗ, ಕೊಲೆಗಾರನ ಮುಖ ಕಂಡವಳು ಮಗಳು ಭೂಮಿ ಒಬ್ಬಳೇ. ಬರುವ ಮಂಗಳವಾರ ಕೋರ್ಟಿನಲ್ಲಿ ಅವಳ ಸಾಕ್ಷಿ. ಅಲ್ಲಿಯವರೆಗೆ ಅವಳ ಜೀವ ಉಳಿಯಬೇಕು. ಬೇರೇನನ್ನೂ ಅವರು ಕೇಳುತ್ತಿರಲಿಲ್ಲ.

"ಭೂಮಿ ಸಾಕ್ಷಿ ಅನ್ನುವುದು ಇನ್ನು ಯಾರಿಗೆ ಗೊತ್ತು?" ಯಿಲ್ವಾ ಕೇಳಿದಳು.

"ಯಾರಿಗೂ ಇಲ್ಲ." ಸುಳ್ಳು ಸಲೀಸಾಗಿ ಬಂತು.

"ನಾನು ಭೂಮಿಗೆ ಒಬ್ಬರ ಹೆಸರು ಹೇಳಬೇಕು. ಅವಳಿಗೆ ಮಾತ್ರ. ಅಷ್ಟರವರೆಗೆ ಅವಳನ್ನು ಯಾರ ಜೊತೆಗೂ ಹೊರಗೆ ಕಳಿಸಬೇಡಿ. ಎಷ್ಟೇ ಹತ್ತಿರದವರಾದರೂ ಸರಿ."

ಬೇಟೆ ಬೋನಿನಲ್ಲೇ ಇರಲಿ ಎನ್ನುವ ಮಾತಿನಂತೆ ಅವರಿಗೆ ಕೇಳಿಸಿತು.

"ಸ್ನಾನಕ್ಕೆ ಹೋಗಿದ್ದಾಳೆ. ಕೂತಿರಿ, ಕಾಫಿ ತರುತ್ತೇನೆ," ಎಂದರು. ಈ ದೇಶದಲ್ಲಿ ಕಾಫಿ ಬೇಡ ಎನ್ನುವವರಿಲ್ಲ.

ಅಡುಗೆಮನೆಯಲ್ಲಿ ಪೊಲೀಸ್ ಸಹಾಯವಾಣಿಗೆ ಫೋನ್ ಹಚ್ಚಿದರು. ಸಾಲಿನಲ್ಲಿ ನೀವು ಹದಿನಾಲ್ಕನೆಯವರು ಎಂದಿತು ಯಂತ್ರ. ಕಾಯುತ್ತಲೇ, ನಕಲಿ ಪೊಲೀಸ್ ಬಂದಿದ್ದಾಳೆ ಎಂದು ಸಮಿತ್‌ಗೆ ಮೆಸೇಜು ಹಾಕಿದರು. ಸಮಿತ್ ಮೂರು ಗಂಟೆ ದಾರಿಯ ಕಾರ್ಲ್‌ಸ್ಟಾಡ್‌ನಲ್ಲಿ ಓದುವ ಹುಡುಗ, ಕನ್ನಡ ಸಂಘದ ಯುಗಾದಿಯಲ್ಲಿ ಪರಿಚಯ. ಪೊಲೀಸರ ಹತ್ತಿರ ದುಡ್ಡಿಲ್ಲದಿದ್ದರೆ ನಾನಿಲ್ವಾ ಅಂಕಲ್ ಎಂದು ವಾರದಿಂದ ಧೈರ್ಯ ತುಂಬುತ್ತಿದ್ದವನು.

ಉತ್ತರ ತಕ್ಷಣ ಬಂತು. "ಇಲ್ಲೇ ಹತ್ರದಲ್ಲೇ ಇದೀನಿ ಅಂಕಲ್. ಐದೇ ನಿಮಿಷ. ಹಿಂದಿನ ಬಾಗಿಲಿಗೆ ಕಳ್ಸಿ. ಫೋನ್ ಮನೇಲೇ ಬಿಟ್ಟು ಬರ್ಲಿ, ಟ್ರ್ಯಾಕ್ ಮಾಡ್ತಾರೆ."

ಅಷ್ಟು ದೂರದ ಹುಡುಗ ಇವತ್ತೇ ಇಲ್ಲಿರಬೇಕಾದರೆ ಮನೆದೇವರ ದಯೆಯೇ ಎಂದುಕೊಂಡು ಮಗಳ ಕೋಣೆಗೆ ಹೋದರು.

"ಪಪ್ಪಾ, ವಾಟ್ ಇಫ್ ಶೀ ಈಸ್ ರಿಯಲ್?" ಭೂಮಿ ಪಿಸುಗುಟ್ಟಿದಳು.

"ಸಮಿತ್ ನಮ್ಮವನು ಪುಟ್ಟಾ. ಇವಳು ಯಾರೋ ಏನೋ. ಹೊರಡು ನೀನು."

ಅವಳು ಶೂಗಳನ್ನು ಕೈಯಲ್ಲಿ ಹಿಡಿದು ಹಿಂದಿನಿಂದ ಇಳಿದಳು. ಕಾರು ಹೊರಟ ಸದ್ದು ಕೇಳಿದ ಮೇಲೆ ಅನಂತಕೃಷ್ಣರು ವಾರದಲ್ಲಿ ಮೊದಲ ಸಲ ನೆಮ್ಮದಿಯಾಗಿ ಉಸಿರುಬಿಟ್ಟರು. ಕಾಫಿ ಸೋಸಿದರು.

ಆಗ ಸಹಾಯವಾಣಿಯಲ್ಲಿ ಮನುಷ್ಯರ ದನಿ ಬಂತು. ಯಿಲ್ವಾಳ ಚೀಟಿಯಲ್ಲಿ ನೋಡಿಟ್ಟುಕೊಂಡಿದ್ದ ಸಂಖ್ಯೆ ಹೇಳಿದರು. ಅತ್ತ ಕಂಪ್ಯೂಟರಿನಲ್ಲಿ ಹುಡುಕಿದರು.

"ಹೌದು, ನಮ್ಮವರೇ. ಹೊಸ ತಂಡ, ನಿನ್ನೆಯಷ್ಟೇ ಶುರುವಾಗಿದೆ."

ಅನಂತಕೃಷ್ಣರಿಗೆ ನಗು ಬಂತು, ಜೊತೆಗೆ ನಾಚಿಕೆಯೂ. ಹೇಳಿದ ದಿನಕ್ಕೇ ಹಣ ಬಿಡುವ ಸರ್ಕಾರವೂ ಈ ಲೋಕದಲ್ಲಿದೆ ಹಾಗಾದರೆ. ತಟ್ಟೆ ಹಿಡಿದು ಹೊರಗೆ ಬಂದರು.

"ಕ್ಷಮಿಸಿ, ನಿಮ್ಮನ್ನೇ ಗ್ಯಾಂಗಿನವರು ಅಂದುಕೊಂಡಿದ್ದೆ. ಆದರೆ ಚಿಂತೆಯಿಲ್ಲ, ಮಗಳು ಕ್ಷೇಮವಾಗಿದ್ದಾಳೆ. ನಮ್ಮ ಸಮಿತ್ ಬಂದು ಕರೆದುಕೊಂಡು ಹೋದ."

ಯಿಲ್ವಾ ಕಾಫಿ ಮುಟ್ಟಲಿಲ್ಲ. ಎದ್ದು ನಿಂತು ರೇಡಿಯೋ ಕೈಗೆತ್ತಿಕೊಂಡಳು.

"ನಾನು ಹೇಳಬೇಕಿದ್ದ ಹೆಸರೇ ಅದು. ಭೂಮಿಯನ್ನು ಗ್ಯಾಂಗಿನವರ ಕೈಗೆ ಒಪ್ಪಿಸುತ್ತೇನೆಂದು ಮಾತು ಕೊಟ್ಟವನೇ ಆ ಸಮಿತ್."