ಹೆಸರು ಹಿಡಿದು ಕರೆದವಳು

"ಬೊಮ್ಮಯ್ಯಾ!"

ಸುಣ್ಣದ ಕಲ್ಲಿನ ಬಿಳಿ ಬಂಡೆಯಿಂದ ಧುಮುಕುವ ನೀರಿನ ಹಿಂದಿನಿಂದ ಹೆಂಡತಿ ತುಳಸಿಯ ಕೂಗು ಕೇಳಿ, ಸೊಂಟದವರೆಗೆ ನೀರಲ್ಲಿ ನಿಂತಿದ್ದ ಬೊಮ್ಮಯ್ಯ ಥಟ್ಟನೆ ತಲೆಯೆತ್ತಿದ. ಜಾರಿ ಒಳಗೆಲ್ಲೋ ಸಿಕ್ಕಿಕೊಂಡಳೇ? "ಬಂದೇ, ಹೆದರಬೇಡ!" ಎಂದು ಓಗೊಟ್ಟು ಅತ್ತ ನುಗ್ಗಿದ. ಕಾಲಡಿಯ ನೆಲ ಇಳಿಯುತ್ತ ಹೋಯಿತು, ನೀರು ಎದೆಗೇರಿತು.

"ಬೊಮ್ಮಯ್ಯಾ!" ಈ ಸಲ ಕೂಗು ಇನ್ನೂ ಒಳಗಿನಿಂದ ಬಂತು. ಅವಳದೇ ದನಿ, ಆದರೂ ಅವನ ಕಾಲು ತಡೆಯಿತು. ಮದುವೆಯಾದಾಗಿನಿಂದ ತುಳಸಿ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆದವಳಲ್ಲ. ಅಂಕೋಲೆಯ ಆಸ್ಪತ್ರೆಯಲ್ಲಿ ನರ್ಸು ಗಂಡನ ಹೆಸರು ಕೇಳಿದಾಗಲೂ ಮಗಳನ್ನು ಮೊಣಕೈಯಿಂದ ತಿವಿದು, "ನೀ ಹೇಳೇ" ಅಂದವಳು. ಅವಳ ಬಾಯಲ್ಲಿ ಅವನು ಯಾವತ್ತೂ ಬರೀ "ಹೋಯ್".

ಬೊಮ್ಮಯ್ಯ ಮೆಲ್ಲಗೆ ತಿರುಗಿ ನೋಡಿದ. ದಡದ ಮೇಲೆ ತುಳಸಿ ಬುತ್ತಿ ಬಿಚ್ಚುತ್ತ ಕೂತಿದ್ದಳು. ಅವಳ ಸೆರಗಿನ ಅಂಚೂ ಒದ್ದೆಯಾಗಿರಲಿಲ್ಲ.

"ಹೋಯ್," ಎಂದಳು ಅವಳು, ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದು. "ನಾ ಇಲ್ಲೇ ಇದ್ದೆನಲ್ಲ. ಅಲ್ಲಿ ಯಾರಿಗೆ ಬಂದೇ ಅಂದ್ರಿ?"