ಅತ್ತೆ ತೋರಿಸಿದ ಎರಡು ದೋಣಿ

"ಈಜು ಬರುತ್ತಾ ನಿನಗೆ?" ದೋಣಿ ಕಟ್ಟುವ ಧಕ್ಕೆಯ ಹಲಗೆಗಳ ಮೇಲೆ ಮುಂದೆ ಮುಂದೆ ನಡೆಯುತ್ತ ಅತ್ತೆ ಕೇಳಿದರು.

"ಸ್ವಲ್ಪ," ಎಂದಳು ಸೊಸೆ.

"ದಡ ಕಾಣದಷ್ಟು ದೂರ ಹೋದ್ರೆ?"

"ಆಗಲ್ಲ ಅತ್ತೆ."

ಅತ್ತೆ ತಿರುಗಿ ನೋಡದೆ ನಡೆದರು. ಮದುವೆಯಾಗಿ ಎರಡು ವರ್ಷವಾದರೂ ಈ ಹೆಂಗಸು ತಾನಾಗಿ ಸೊಸೆಯ ಜೊತೆ ಹತ್ತು ಮಾತು ಆಡಿದ್ದಿಲ್ಲ. ಇವತ್ತು ಬೆಳಗ್ಗೆ ಇದ್ದಕ್ಕಿದ್ದಂತೆ, ಹಾಯಿದೋಣಿ ಕೊಳ್ಳಬೇಕು, ಎರಡು ನೋಡಿಟ್ಟಿದ್ದೇನೆ, ಹೊರಡು ಎಂದಿದ್ದರು. ಅವಳ ಕೈಯಿಂದ ಫೋನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಮನೆಗೆ ಬೀಗ ಜಡಿದಿದ್ದರು. ದೊಡ್ಡ ಚೀಲವೊಂದನ್ನು ತಾವೇ ಹೊತ್ತಿದ್ದರು. ಹಿಡಿದುಕೊಳ್ಳುತ್ತೇನೆ ಎಂದರೆ ಕೊಡಲಿಲ್ಲ.

ಗಂಡ ಪರವೂರಿಗೆ ಹೋಗಿ ಮೂರು ದಿನವಾಗಿತ್ತು. ಅವನು ಹೊರಡುವ ಹಿಂದಿನ ದಿನ ಅವಳು ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ, ತವರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಿದ್ದಳು. ಅವನು ಕೂಗಾಡಲಿಲ್ಲ. ಅವಳ ಎಡ ಮಣಿಕಟ್ಟನ್ನು ಹಿಡಿದು ನಿಧಾನವಾಗಿ ತಿರುಚಿದ.

"ಯಾವ ಬಸ್ಸು ಹತ್ತಿ ಹೋಗ್ತೀಯಾ? ಊರಲ್ಲಿರೋ ಬಸ್ಸೆಲ್ಲಾ ನಮ್ಮವೇ ಅಲ್ವಾ?" ಎಂದ. ಆಮೇಲೆ, "ಅಮ್ಮನಿಗೆ ಹೇಳಿದೀನಿ. ಅವಳು ನೋಡ್ಕೋತಾಳೆ."

ಆ ಅಮ್ಮ ನಲವತ್ತು ವರ್ಷ ಹಾಯಿ ಹೊಲಿದವರು. ಧಕ್ಕೆಯಲ್ಲಿ ಅವರನ್ನು ಕಂಡರೆ ದಲ್ಲಾಳಿಗಳೂ ದನಿ ತಗ್ಗಿಸುತ್ತಿದ್ದರು.

ಮೊದಲು ಹೊಸ ದೋಣಿ ಹತ್ತಿದರು. ಹಾಲಿನಂತೆ ಬಿಳುಪು, ಹಿಂಭಾಗ ಅಗಲ, ಒಳಗೆ ಮೂರು ಮಲಗುವ ಕೋಣೆ, ಫ್ರಿಜ್ಜು, ಕಿಟಕಿ ತುಂಬ ಬೆಳಕು. ಗುಂಡಿ ಒತ್ತಿದರೆ ಹಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ, ಒಬ್ಬರೇ ಇದ್ದರೂ ನಡೆಸಬಹುದು ಎಂದು ದಲ್ಲಾಳಿ ಹೊಗಳಿದ. ಕರೆಂಟು ಕೈಕೊಟ್ಟರೆ ಏನು ಮಾಡುವುದು ಎಂದು ಅತ್ತೆ ಕೇಳಿದ್ದಕ್ಕೆ ನಕ್ಕು ಮಾತು ಹಾರಿಸಿದ. ಬಂದರಿನ ಬಾಯಿ ದಾಟಿದ್ದೇ ದೋಣಿ ಬಾಣದಂತೆ ಓಡಿತು. ಆದರೆ ತಳ ಚಪ್ಪಟೆ, ಮೈ ಹಗುರ. ಪ್ರತಿ ಅಲೆಗೂ ದಬದಬ ಬಡಿಯುತ್ತಿತ್ತು. ಚುಕ್ಕಾಣಿಯಿಂದ ಒಂದು ಕ್ಷಣ ಕೈ ತೆಗೆದರೆ ಮೂತಿ ಗಾಳಿಯತ್ತ ಹೊರಳುತ್ತಿತ್ತು. ಅಷ್ಟಗಲದ ಕೋಣೆಯಲ್ಲಿ ಹಿಡಿಯಲು ಏನೂ ಸಿಗದೆ ಸೊಸೆ ಮೇಜಿನ ಅಂಚಿಗೆ ಹೋಗಿ ಬಿದ್ದಳು. ಅತ್ತೆ ಎತ್ತಲು ಬರಲಿಲ್ಲ. ಅವಳು ಹೇಗೆ ಏಳುತ್ತಾಳೆ ಎಂದು ನೋಡುತ್ತ ನಿಂತರು.

ಎರಡನೆಯ ದೋಣಿ ವಯಸ್ಸಿನಲ್ಲಿ ಅತ್ತೆಗಿಂತ ಹತ್ತು ವರ್ಷವಷ್ಟೇ ಚಿಕ್ಕದು. ಇಕ್ಕಟ್ಟು, ಭಾರ, ಒಳಗೆ ಮಬ್ಬುಗತ್ತಲೆ, ಡೀಸೆಲ್ ವಾಸನೆ. ಹಾಯಿ ಏರಬೇಕಾದರೆ ರಟ್ಟೆ ಬೀಳುವ ಹಾಗೆ ಹಗ್ಗ ಎಳೆಯಬೇಕು. ಇದರಲ್ಲಿ ನೀನು ಬೇಡ ಎಂದು ಅತ್ತೆ ದಲ್ಲಾಳಿಯನ್ನು ದಡದಲ್ಲೇ ನಿಲ್ಲಿಸಿದರು. ಬಂದರು ದಾಟುತ್ತಲೇ ಸೊಸೆಯ ಸೊಂಟಕ್ಕೆ ಪಟ್ಟಿ ಬಿಗಿದು, ಅದರ ಹಗ್ಗವನ್ನು ದೋಣಿಯ ಕೊಂಡಿಗೆ ಸಿಕ್ಕಿಸಿದರು. ಇನ್ನು ಓಡುವ ಹಾಗೂ ಇರಲಿಲ್ಲ.

ದಡ ತೆಳ್ಳಗಿನ ಗೆರೆಯಾದ ಮೇಲೆ ಕೊಂಡಿ ಕಳಚಿ, ಕೆಳಗೆ ಹೋಗಿ ಎಲ್ಲಾದರೂ ನೀರು ಜಿನುಗುತ್ತಿದೆಯಾ ನೋಡು, ಒಂದೊಂದು ಗೂಡನ್ನೂ ತೆರೆದು ನೋಡು ಎಂದರು.

ಮೂರನೆಯ ಗೂಡಿನಲ್ಲಿ ಅತ್ತೆ ಹೊತ್ತು ತಂದಿದ್ದ ಚೀಲ ಇತ್ತು. ಜಿಪ್ಪು ಅರ್ಧ ತೆರೆದಿತ್ತು. ಒಳಗೆ ಅವಳ ಬಟ್ಟೆಗಳು, ಅವಳ ಚಪ್ಪಲಿ, ಅವಳ ಓದಿನ ಪ್ರಮಾಣಪತ್ರಗಳು. ಅಂಥವಳೊಬ್ಬಳು ಆ ಮನೆಯಲ್ಲಿದ್ದಳು ಎನ್ನಲು ಏನೇನಿತ್ತೋ ಅಷ್ಟೂ.

ಅವಳಿಗೆ ಎಲ್ಲ ಹೊಳೆಯಿತು. ಗಂಟುಮೂಟೆ ಕಟ್ಟಿಕೊಂಡು ಓಡಿಹೋದಳು ಎನ್ನುತ್ತಾರೆ. ನೆರೆಹೊರೆಯವರು ಎರಡು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಯಾರೂ ಹುಡುಕುವುದಿಲ್ಲ.

"ಮೇಲೆ ಬಾ," ಅತ್ತೆ ಕರೆದರು.

ಗೂಡು ಮುಚ್ಚಿ ಮೇಲೆ ಹತ್ತಿದಳು. ಅತ್ತೆ ಮತ್ತೆ ಹಗ್ಗ ಸಿಕ್ಕಿಸಿ, ಅವಳ ಬೆನ್ನ ಹಿಂದೆ ಬಂದು ನಿಂತರು.

"ಸೋದರಮಾವನ ದೋಣಿ ನಡೆಸ್ತಿದ್ದೆ ಅಂತ ಒಂದ್ಸಲ ಹೇಳಿದ್ದೆ ನೀನು. ಚುಕ್ಕಾಣಿ ಹಿಡಿ. ನಾನಿಲ್ಲ ಅಂದ್ಕೋ."

ಮುಂದಿನ ಎರಡು ಗಂಟೆ ಅತ್ತೆ ಅವಳ ಕೈಯಿಂದಲೇ ದೋಣಿಯನ್ನು ಗಾಳಿಗೆದುರಾಗಿ ತಿರುಗಿಸಿದರು, ಹಾಯಿ ಇಳಿಸಿದರು, ಮತ್ತೆ ಏರಿಸಿದರು. ಅವಳ ಎಡಗೈ ಸೋತಾಗಲೂ ತಾವು ಬೆರಳು ಮುಟ್ಟಿಸಲಿಲ್ಲ. ಪ್ರತಿ ತಿರುವಿನಲ್ಲೂ ಬೆನ್ನಿಗೆ ಈಗ ಕೈ ಬೀಳುತ್ತದೆ ಎಂದು ಸೊಸೆ ಮೈಯೆಲ್ಲ ಬಿಗಿಹಿಡಿದಿದ್ದಳು. ಆದರೂ ಒಂದು ಮಾತು ಅವಳ ಕೈಗಳಿಗೆ ತಿಳಿಯಿತು. ಈ ಮುದಿ ದೋಣಿ ಅಲೆಯನ್ನು ನಿಧಾನ ಹತ್ತಿ ನಿಧಾನ ಇಳಿಯುತ್ತಿತ್ತು. ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿ ಬಿಟ್ಟರೂ ಹಿಡಿದ ದಾರಿ ಬಿಡುತ್ತಿರಲಿಲ್ಲ. ಎತ್ತ ಕೈ ಚಾಚಿದರೂ ಹಿಡಿಯಲೊಂದು ಮರದ ಪಟ್ಟಿ ಸಿಗುತ್ತಿತ್ತು.

"ಎರಡರಲ್ಲಿ ಯಾವುದರಲ್ಲಿ ಭಯ ಕಡಿಮೆ ಆಯ್ತು?"

"ಇದರಲ್ಲಿ."

"ಹಾಗಾದ್ರೆ ಇದರಲ್ಲೇ ಆಗಲಿ."

ಸೊಸೆ ಕಣ್ಣು ಮುಚ್ಚಿಕೊಂಡಳು. ಏನೂ ಆಗಲಿಲ್ಲ. ಕಣ್ಣು ತೆರೆದಾಗ ಅತ್ತೆ ದೋಣಿಯ ಮೂತಿಯನ್ನು ಬಂದರಿನ ಕಡೆ ತಿರುಗಿಸಿದ್ದರು.

ಧಕ್ಕೆಯಲ್ಲಿ, ಕದಲಬೇಡ ಎಂದು ಹೇಳಿ ಅತ್ತೆ ಇಳಿದು ದಲ್ಲಾಳಿಯ ಕೋಣೆಗೆ ಹೋದರು. ಎಂಜಿನ್ ಗುರುಗುಟ್ಟುತ್ತಲೇ ಇತ್ತು. ಇಳಿದು ಓಡಿದರೂ ಹತ್ತಲು ಇದ್ದದ್ದು ಗಂಡನ ಮನೆಯ ಬಸ್ಸುಗಳೇ. ಕಾಲು ಗಂಟೆಯಲ್ಲಿ ಅತ್ತೆ ಮರಳಿದರು. ದೋಣಿ ಹತ್ತಲಿಲ್ಲ. ಒಂದು ನಕ್ಷೆಯನ್ನೂ ದೋಣಿಯ ಕಾಗದಪತ್ರಗಳ ಲಕೋಟೆಯನ್ನೂ ಅವಳ ಮಡಿಲಿಗೆ ಹಾಕಿ, ಗೂಟದ ಹಗ್ಗ ಬಿಚ್ಚಿ ಒಳಕ್ಕೆಸೆದರು. ಲಕೋಟೆಯ ಮೇಲೆ ದೋಣಿಯ ಒಡತಿ ಎಂದು ಬರೆದು, ಎದುರಿಗೆ ಅವಳ ಹೆಸರು ಬರೆದಿತ್ತು.

"ಸಂಜೆವರೆಗೂ ಗಾಳಿ ಹೀಗೇ ಇರುತ್ತೆ. ದಡ ಕಣ್ಣಳತೇಲಿ ಇಟ್ಕೊಂಡು ದಕ್ಷಿಣಕ್ಕೆ ಹೋಗು. ಮುಂದಿನ ಬಂದರಲ್ಲಿ ನನ್ನ ತಂಗಿ ಕಾಯ್ತಿರ್ತಾಳೆ. ನಿನಗೆ ಮೊದಲೇ ಹೇಳಿದ್ರೆ, ರಾತ್ರಿ ವಿಡಿಯೋ ಕಾಲ್ ಮಾಡಿದಾಗ ಅವನು ನಿನ್ನ ಮುಖ ನೋಡೇ ಕಂಡುಹಿಡೀತಿದ್ದ." ಕಾಲಿನಿಂದ ದೋಣಿಯನ್ನು ನೂಕಿದರು.

ನೀರು ನಡುವೆ ಅಗಲವಾಯಿತು. "ಅತ್ತೆ, ಅವರು ಬಂದು ನಿಮ್ಮನ್ನ ಕೇಳಿದ್ರೆ?"

"ಕೇಳಲಿ. ಅವನಪ್ಪ ಹೊಡೆದು ಕೇಳಿದಾಗಲೇ ಬಾಯಿ ಬಿಡದವಳು ನಾನು."